ತುಟಿ ಅಲ್ಲಾಡಿಸದೆ ಓದಿದವಳು

ಕಳೆದ ವರ್ಷ ಜೂನ್ ಮೊದಲ ವಾರದಲ್ಲಿ ಮುಖ್ಯೋಪಾಧ್ಯಾಯರು ನನ್ನನ್ನು ಕೋಣೆಗೆ ಕರೆದರು. ಎಂಟನೇ ತರಗತಿಯ ಇಂಗ್ಲಿಷ್ ಮಾಧ್ಯಮಕ್ಕೆ ಐವತ್ತೆಂಟು ಅರ್ಜಿಗಳು ಬಂದಿದ್ದವು. ಇದ್ದದ್ದು ನಲ್ವತ್ತು ಸೀಟು.

"ಟೀಚರ್, ನೀವೇ ಒಂದು ಪರೀಕ್ಷೆ ಮಾಡಿ. ಯಾರಿಗೆ ಇಂಗ್ಲಿಷಿನಲ್ಲಿ ಪಾಠ ಕೇಳ್ಲಿಕ್ಕೆ ಆಗ್ತದೆ, ಯಾರಿಗೆ ಆಗುದಿಲ್ಲ ಅಂತ ನೋಡಿ ಪಟ್ಟಿ ಕೊಡಿ. ಆಮೇಲೆ ಯಾರೂ ಬಂದು ನನ್ನ ಹತ್ರ ಜಗಳ ಮಾಡುವ ಹಾಗೆ ಇರಬಾರದು."

ನಮ್ಮದು ಮಡಂತ್ಯಾರಿನಿಂದ ಒಳಗೆ ಹೋಗುವ ದಾರಿಯಲ್ಲಿರುವ ಸಣ್ಣ ಪ್ರೌಢಶಾಲೆ. ನಾನು ಅಲ್ಲಿ ಅತಿಥಿ ಶಿಕ್ಷಕಿಯಾಗಿ ಎರಡನೇ ವರ್ಷದಲ್ಲಿದ್ದೆ. ನರಿಕೊಂಬಿನಿಂದ ಎರಡು ಬಸ್ಸು ಹಿಡಿದು ಬರುತ್ತಿದ್ದೆ. ಇಂಥ ಜವಾಬ್ದಾರಿ ಕೊಟ್ಟದ್ದು ಮೊದಲ ಸಲ. ಸಂತೋಷವಾಯಿತು. ಅದನ್ನು ಮುಖದಲ್ಲಿ ತೋರಿಸದೆ, ಒಂದು ವಾರ ಸಮಯ ಕೇಳಿದೆ.

ಎಂಟನೇ ತರಗತಿಗೆ ಬರುವ ಮಗುವಿಗೆ ಇಂಗ್ಲಿಷಿನಲ್ಲಿ ಏನೇನು ಬರಬೇಕು ಎಂಬುದನ್ನು ಮೊದಲು ಒಂದು ಹಾಳೆಯಲ್ಲಿ ಬರೆದುಕೊಂಡೆ. ಹಿಂದೆ ನೋಡಿರದ ಒಂದು ಪುಟ್ಟ ಭಾಗವನ್ನು ಓದಬೇಕು. ಅದರಲ್ಲಿ ಹೇಳಿದ್ದನ್ನು ಹುಡುಕಿ ಹೇಳಬೇಕು. ಹೇಳದೆ ಬಿಟ್ಟದ್ದನ್ನೂ ಊಹಿಸಬೇಕು. ಗೊತ್ತಿಲ್ಲದ ಶಬ್ದ ಬಂದರೆ ಅಕ್ಕಪಕ್ಕದ ವಾಕ್ಯ ನೋಡಿ ಅರ್ಥ ಮಾಡಿಕೊಳ್ಳಬೇಕು. ಐದಾರು ವಾಕ್ಯವನ್ನು ಕ್ರಮವಾಗಿ ಬರೆಯಬೇಕು. ಇದರಲ್ಲಿ ಮೂರನೆಯದು, ಊಹಿಸುವುದು, ನನಗೆ ಎಲ್ಲಕ್ಕಿಂತ ಮುಖ್ಯವಾಗಿತ್ತು. ಏಳನೇ ತರಗತಿ ದಾಟಿ ಬರುವ ಮಕ್ಕಳಲ್ಲಿ ಹೆಚ್ಚಿನವರು ಪ್ರಶ್ನೆಯಲ್ಲಿರುವ ಶಬ್ದವನ್ನು ಪಾಠದಲ್ಲಿ ಹುಡುಕಿ, ಅದು ಸಿಕ್ಕಿದ ವಾಕ್ಯವನ್ನು ಹಾಗೆಯೇ ಉತ್ತರವೆಂದು ಬರೆಯುತ್ತಾರೆ. ಉತ್ತರ ಸರಿಯೇ ಇರುತ್ತದೆ, ಅರ್ಥವಾಗಿರುವುದಿಲ್ಲ. ಅದನ್ನು ತಪ್ಪಿಸಬೇಕೆಂದು ಓದುವ ಭಾಗವನ್ನು ನಾನೇ ಬರೆದೆ.

ಎಂಟು ವಾಕ್ಯಗಳ ಕಥೆ ಅದು. ಒಬ್ಬ ಮೀನು ಮಾರುವವನು ದಿನಾ ಬೆಳಿಗ್ಗೆ ಸ್ಕೂಟರಿನಲ್ಲಿ ಹಾರ್ನ್ ಮಾಡುತ್ತ ಬರುತ್ತಾನೆ. ಎಲ್ಲ ಮನೆಯವರು ಪಾತ್ರೆ ಹಿಡಿದು ರಸ್ತೆಗೆ ಬರುತ್ತಾರೆ. ಒಂದು ಸೋಮವಾರ ಮೂರನೇ ಮನೆಯ ಹತ್ತಿರ ಅವನು ಹಾರ್ನ್ ಮಾಡುವುದಿಲ್ಲ. ಸ್ಕೂಟರ್ ದೂರ ನಿಲ್ಲಿಸಿ ಗೇಟಿನವರೆಗೆ ನಡೆದುಕೊಂಡು ಹೋಗುತ್ತಾನೆ. ಅಂಗಳದ ಹಗ್ಗದಲ್ಲಿ ಪುಟ್ಟಪುಟ್ಟ ಬಟ್ಟೆಗಳು ಒಣಗುತ್ತಿರುತ್ತವೆ. ಅಲ್ಲಿಗೆ ಕಥೆ ಮುಗಿಯುತ್ತದೆ. ಮೂರು ಪ್ರಶ್ನೆ: ಅವನು ಏನು ಮಾರುತ್ತಾನೆ? ಹೇಗೆ ಬರುತ್ತಾನೆ? ಆ ದಿನ ಹಾರ್ನ್ ಯಾಕೆ ಮಾಡಲಿಲ್ಲ? ಮೊದಲ ಎರಡಕ್ಕೆ ಎರಡೆರಡು ಅಂಕ, ಮೂರನೆಯದಕ್ಕೆ ನಾಲ್ಕು. ಗಟ್ಟಿಯಾಗಿ ಓದುವುದಕ್ಕೆ ಎಂಟು, ಬರವಣಿಗೆಗೆ ನಾಲ್ಕು. ಒಟ್ಟು ಇಪ್ಪತ್ತು.

ಅಂಕ ತುಂಬುವ ಫಾರ್ಮನ್ನೂ ನಾನೇ ತಯಾರಿಸಿದೆ. ಓದುವ ವೇಗಕ್ಕೆ ಒಂದು ಕಾಲಮ್, ತಪ್ಪುಗಳಿಗೆ ಒಂದು, ಉತ್ತರಕ್ಕೆ ಎರಡು: ಇಂಗ್ಲಿಷಿನಲ್ಲಿ ಹೇಳಿದ್ದು, ಕನ್ನಡದಲ್ಲಿ ಹೇಳಿದ್ದು. ಕನ್ನಡಕ್ಕೂ ಅಂಕ ಕೊಟ್ಟದ್ದು ನನ್ನ ಔದಾರ್ಯವೆಂದು ಆಗ ಅನಿಸಿತ್ತು. ಸ್ಟಾಫ್ ರೂಮಿನಲ್ಲಿ ಕನ್ನಡ ಟೀಚರ್ ಅದನ್ನು ಕನ್ನಡಕ ಏರಿಸಿ ನೋಡಿದರು.

"ಎಂತ ಚಂದ ಗೆರೆ ಹಾಕಿದ್ದೀಯ ಮಾರಾಯ್ತಿ! ಇದರಲ್ಲಿ ಮಕ್ಕಳನ್ನು ಹಾಕ್ಲಿಕ್ಕೇ ಬೇಜಾರಾಗ್ತದೆ."

ನಾನು ನಕ್ಕೆ.

ಪರೀಕ್ಷೆ ಮೂರು ದಿನ ನಡೆಯಿತು. ಒಬ್ಬೊಬ್ಬರನ್ನೇ ಲೈಬ್ರರಿ ಕೋಣೆಗೆ ಕರೆದು, ಹಾಳೆ ಕೊಟ್ಟು, ಫೋನಿನಲ್ಲಿ ಸಮಯ ನೋಡುತ್ತಿದ್ದೆ. ಎರಡನೇ ದಿನ ಬೆಳ್ತಂಗಡಿಯಿಂದ ಒಬ್ಬರು ಸಂಪನ್ಮೂಲ ವ್ಯಕ್ತಿ ಬೇರೆ ಕೆಲಸಕ್ಕೆ ಬಂದವರು, ನಾನು ಮಾಡುತ್ತಿರುವುದನ್ನು ಕೇಳಿ, ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. ಘಟ್ಟದ ಮೇಲಿನವರು. ಇಲ್ಲಿಗೆ ಬಂದು ಕೆಲವೇ ತಿಂಗಳಾಗಿತ್ತು. ನನ್ನ ಫಾರ್ಮನ್ನು ನೋಡಿ, "ನೀಟಾಗಿದೆ ಮೇಡಂ, ಬೇರೆ ಶಾಲೆಗಳಿಗೂ ಕೊಡಬಹುದು" ಎಂದರು. ಅದರ ನಂತರ ನನ್ನ ಬೆನ್ನು ಇನ್ನಷ್ಟು ನೆಟ್ಟಗಾಯಿತು.

ಮಧ್ಯಾಹ್ನದ ಊಟಕ್ಕೆ ಮೊದಲು ಬಂದವಳು ಆ ಹುಡುಗಿ. ಎಣ್ಣೆ ಹಾಕಿ ಬಿಗಿಯಾಗಿ ಹೆಣೆದ ಎರಡು ಜಡೆ, ಅಕ್ಕನದೋ ಯಾರದೋ ಉದ್ದದ ಯೂನಿಫಾರ್ಮ್. ಹಾಳೆ ಕೈಗೆ ತೆಗೆದುಕೊಂಡಳು. ನಾನು ಸಮಯ ಶುರು ಮಾಡಿದೆ. ಅವಳು ಓದಲಿಲ್ಲ. ಎಂದರೆ, ಬಾಯಿ ತೆರೆಯಲಿಲ್ಲ. ಕಣ್ಣು ಮಾತ್ರ ಮೇಲಿನಿಂದ ಕೆಳಗೆ ಇಳಿಯಿತು, ಮಧ್ಯದಲ್ಲಿ ಒಮ್ಮೆ ಹಿಂದೆ ಹೋಗಿ ಬಂತು. ತುಟಿ ಅಲ್ಲಾಡಲಿಲ್ಲ. ಉಳಿದ ಮಕ್ಕಳು ಒಂದೂವರೆ ನಿಮಿಷ ತೆಗೆದುಕೊಂಡ ಭಾಗ ಅವಳಿಗೆ ಅರ್ಧ ನಿಮಿಷದಲ್ಲಿ ಮುಗಿಯಿತು. ಹಾಳೆಯನ್ನು ಮೇಜಿನ ಮೇಲೆ ಮಗುಚಿ ಇಟ್ಟು ನನ್ನನ್ನು ನೋಡಿದಳು.

"ಗಟ್ಟಿಯಾಗಿ ಓದು" ಎಂದೆ.

ತಲೆ ತಗ್ಗಿಸಿದಳು. ಇನ್ನೊಮ್ಮೆ ಹೇಳಿದೆ. ಇಲ್ಲ. ಆ ಕಾಲಮಿನಲ್ಲಿ ಸೊನ್ನೆ ಬರೆದು ಪ್ರಶ್ನೆಗೆ ಹೋದೆ. ಮೊದಲ ಎರಡಕ್ಕೆ ಇಂಗ್ಲಿಷಿನಲ್ಲೇ ಒಂದೊಂದು ಶಬ್ದದಲ್ಲಿ ಉತ್ತರ ಕೊಟ್ಟಳು. ಮೂರನೆಯದನ್ನು ಕೇಳಿದಾಗ ಅವಳ ಮುಖ ಬದಲಾಯಿತು. ಆ ಪ್ರಶ್ನೆಗೇ ಕಾಯುತ್ತಿದ್ದವಳಂತೆ ಮುಂದೆ ಬಾಗಿದಳು.

"ಆ ಇಲ್ಲಡ್ ಬಾಲೆ ಉಂಡು ಟೀಚರ್," ಎಂದಳು. ಆ ಮನೆಯಲ್ಲಿ ಮಗು ಉಂಟು ಎಂದು. ಅಷ್ಟಕ್ಕೆ ನಿಲ್ಲಲಿಲ್ಲ. ತುಳುವಿನಲ್ಲೇ ಸರಸರನೆ ಮುಂದುವರಿಸಿದಳು. ಮಗು ಮಲಗಿದೆ, ಅದಕ್ಕೆ ಹಾರ್ನ್ ಮಾಡಲಿಲ್ಲ. ಆದರೆ ಅಷ್ಟಕ್ಕೇ ಆದರೆ ಅವನು ಮುಂದಿನ ಮನೆಗೆ ಹೋಗಬಹುದಿತ್ತು, ಗೇಟಿಗೆ ಯಾಕೆ ನಡೆದ? ಬಾಣಂತಿಗೆ ಎಲ್ಲ ಮೀನು ಕೊಡುವುದಿಲ್ಲವಲ್ಲ, ಅವಳಿಗೆ ಆಗುವಂಥದ್ದು ಬೇರೆ ತೆಗೆದಿಟ್ಟು ತಂದಿರಬೇಕು. ಅದನ್ನು ಆ ಮನೆಯ ಅಜ್ಜಿಯ ಹತ್ತಿರ ಮೆಲ್ಲಗೆ ಹೇಳಲಿಕ್ಕೆ ಹೋದದ್ದು.

ಕಥೆ ಬರೆದ ನನಗೆ ಈ ಎರಡನೇ ಭಾಗ ಹೊಳೆದಿರಲಿಲ್ಲ. ಗೇಟಿನವರೆಗೆ ಅವನನ್ನು ಯಾಕೆ ನಡೆಸಿದೆ ಎಂದು ನನಗೇ ಗೊತ್ತಿರಲಿಲ್ಲ. ವಾಕ್ಯಕ್ಕೆ ಬೇಕಿತ್ತು, ನಡೆಸಿದ್ದೆ.

ಪಕ್ಕದಲ್ಲಿದ್ದವರು ನನ್ನ ಕಡೆ ತಿರುಗಿದರು. "ಏನಂದ್ಲು ಮೇಡಂ?"

ಅವರು ನಿಜವಾಗಿ ಕೇಳಿದ್ದರು. ತಿಳಿದುಕೊಳ್ಳುವ ಆಸಕ್ತಿಯಿಂದಲೇ ಕೇಳಿದ್ದರು. ನಾನು ಎರಡು ವಾಕ್ಯ ಹೇಳಿದ್ದರೆ ಸಾಕಿತ್ತು. ಆದರೆ ಮೂಡುಬಿದಿರೆಯಲ್ಲಿ ಓದುವಾಗ ಹಾಸ್ಟೆಲಿನಲ್ಲಿ ನನ್ನ ಕನ್ನಡದೊಳಗೆ ತುಳು ನುಸುಳಿದಾಗಲೆಲ್ಲ ನಗುತ್ತಿದ್ದ ಗೆಳತಿಯರಿದ್ದರು. ಅಂದಿನಿಂದ ಶಾಲೆ, ಕಚೇರಿ, ಹೊರಗಿನವರು ಇರುವಲ್ಲಿ ತುಳು ನನ್ನ ಬಾಯಿಗೆ ಬರುವುದೇ ಇಲ್ಲ. ಮನೆಯ ಬಟ್ಟೆಯಲ್ಲಿರುವಾಗ ಯಾರೋ ನೋಡಿದಂತೆ ಆಗುತ್ತದೆ. ಆ ಹುಡುಗಿ ಅಷ್ಟು ಗಟ್ಟಿಯಾಗಿ ತುಳು ಮಾತಾಡಿದಾಗಲೂ ಹಾಗೇ ಆಯಿತು.

"ಏನೋ ಮನೆ ಮಾತು ಸರ್," ಎಂದೆ. ಅವಳಿಗೆ, "ಕನ್ನಡದಲ್ಲಿ ಹೇಳು," ಎಂದೆ.

ಅವಳು ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡಿದಳು. ನಾನು ಕೈಯಲ್ಲಿ ಪೆನ್ನು ತಿರುಗಿಸುತ್ತ ಕಾದೆ. ಆಮೇಲೆ ಆ ಪ್ರಶ್ನೆಯ ಎರಡು ಕಾಲಮಿನಲ್ಲೂ ಅಡ್ಡಗೆರೆ ಎಳೆದು ಮುಂದಿನವರನ್ನು ಕರೆದೆ.

ಬರವಣಿಗೆಗೆ ಮೂರು ಬಂದಿತ್ತು. ಒಟ್ಟು ಏಳು. ಪಟ್ಟಿ ಮಾಡಿದಾಗ ನಲ್ವತ್ತನೆಯ ಹೆಸರು ಹತ್ತು ಅಂಕಕ್ಕೆ ನಿಂತಿತು. ಮೂರನೇ ಪ್ರಶ್ನೆಗೆ ನಾಲ್ಕು ಕೊಟ್ಟಿದ್ದರೆ ಅವಳಿಗೆ ಹನ್ನೊಂದು ಆಗುತ್ತಿತ್ತು. ಅದನ್ನು ನಾನು ಆ ದಿನವೇ ಲೆಕ್ಕ ಹಾಕಿದ್ದೆ. ಲೆಕ್ಕ ಹಾಕಿಯೂ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಅಂಟಿಸಿದೆ. ಐವತ್ತೆಂಟು ಮಂದಿಯ ಅಂಕಗಳನ್ನೂ ಹೆಸರಿನ ಮುಂದೆ ಬರೆದಿದ್ದೆ, ಯಾರೂ ಜಗಳಕ್ಕೆ ಬರಬಾರದೆಂದು. ಯಾರೂ ಬರಲಿಲ್ಲ. ಉಳಿದ ಹದಿನೆಂಟು ಮಂದಿಯ ಜೊತೆ ಅವಳು ಕನ್ನಡ ಮಾಧ್ಯಮದ ಕೋಣೆಗೆ ಹೋದಳು.

ಎರಡೂ ವಿಭಾಗಕ್ಕೆ ಇಂಗ್ಲಿಷ್ ಕಲಿಸುವವಳು ನಾನೇ ಆದ್ದರಿಂದ ಅವಳನ್ನು ದಿನಾ ನೋಡುತ್ತಿದ್ದೆ. ಮೂರನೇ ಬೆಂಚಿನ ಗೋಡೆಯ ಬದಿ. ಮೊದಲ ವಾರವೇ ನನಗೆ ನನ್ನ ಪರೀಕ್ಷೆಯ ಬಗ್ಗೆ ಅನುಮಾನ ಶುರುವಾಯಿತು, ಅವಳಿಂದಲ್ಲ, ಪಟ್ಟಿಯ ಮೊದಲ ಸಾಲಿನ ಮಕ್ಕಳಿಂದ. ಇಂಗ್ಲಿಷ್ ಮಾಧ್ಯಮದ ಕೋಣೆಯಲ್ಲಿ ನಾನು ಒಂದು ಕ್ರಮ ಹಿಡಿದಿದ್ದೆ: ಒಂದು ಪರಿಚ್ಛೇದ ಓದುವುದು, ಪುಸ್ತಕ ಮುಚ್ಚುವುದು, ಓದಿದ್ದನ್ನು ಸ್ವಂತ ಮಾತಿನಲ್ಲಿ ಹೇಳುವುದು. ಇಪ್ಪತ್ತಕ್ಕೆ ಹದಿನೆಂಟು ತೆಗೆದುಕೊಂಡಿದ್ದ ಹುಡುಗ ಗಂಟೆ ಹೊಡೆದಂತೆ ಓದಿದ. ಪುಸ್ತಕ ಮುಚ್ಚಿಸಿದೆ.

"ಈಗ ಹೇಳು, ಏನಾಯಿತು?"

"ಟೀಚರ್, ಪುಸ್ತಕ ತೆರೆದರೆ ಹೇಳ್ತೇನೆ."

ಎಲ್ಲರೂ ನಕ್ಕರು. ಅವನೂ ನಕ್ಕ. ಮೂರು ದಿನ ಹೀಗೇ ಹೋಯಿತು. ನಾಲ್ಕನೇ ದಿನ ಬೇಸತ್ತು, "ತುಳುಟೇ ಪನ್ಲೆ," ಎಂದುಬಿಟ್ಟೆ. ತುಳುವಿನಲ್ಲೇ ಹೇಳಿ ಎಂದು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಟೀಚರಿಗೆ ತುಳು ಬರುತ್ತದೆ ಎಂಬುದೇ ಅವರಿಗೆ ಸುದ್ದಿ. ಮತ್ತೆ ಹಿಂದಿನ ಬೆಂಚಿನಿಂದ ಒಬ್ಬಳು ಶುರು ಮಾಡಿದಳು, ಇನ್ನೊಬ್ಬ ಅವಳನ್ನು ತಿದ್ದಿದ, ಇಬ್ಬರಿಗೂ ಜಗಳವಾಯಿತು. ಕಥೆಯ ಬಗ್ಗೆ ಆದ ಜಗಳ ಅದು. ಅದರ ನಂತರ ಅವರು ಹೇಳಿದ್ದನ್ನು ಬೋರ್ಡಿನಲ್ಲಿ ಕನ್ನಡಕ್ಕೆ ತಂದು, ಅಲ್ಲಿಂದ ಒಟ್ಟಿಗೆ ಇಂಗ್ಲಿಷಿನ ಸಣ್ಣ ವಾಕ್ಯ ಮಾಡತೊಡಗಿದೆವು. ನಿಧಾನ ಕೆಲಸ. ಒಂದು ಪಾಠಕ್ಕೆ ಎರಡು ವಾರ ಹಿಡಿಯಿತು. ಒಬ್ಬರ ತಂದೆ ಶಾಲೆಗೇ ಬಂದು, "ಟೀಚರ್, ತುಳು ನಮ್ಮ ಮನೆಯಲ್ಲಿ ಬೇಕಾದಷ್ಟು ಉಂಟು. ಇಲ್ಲಿಗೆ ಕಳಿಸಿದ್ದು ಇಂಗ್ಲಿಷಿಗೆ," ಎಂದು ಹೇಳಿ ಹೋದರು. ಅವರಿಗೆ ಸಮಾಧಾನ ಹೇಳಿದೆ. ಆದರೆ ಹೇಳುವಾಗಲೆಲ್ಲ ನನ್ನ ಕಣ್ಣ ಮುಂದೆ ಆ ಎರಡು ಅಡ್ಡಗೆರೆ ಇತ್ತು.

ಜುಲೈ ಎರಡನೇ ವಾರ ಆ ಹುಡುಗಿಯ ತಾಯಿ ಯಾವುದೋ ಅರ್ಜಿಗೆ ಸಹಿ ಹಾಕಲು ಬಂದರು. ಬೀಡಿ ಕಟ್ಟುವವರು. ಕಟ್ಟಿದ ಬೀಡಿ ತೆಗೆದುಕೊಳ್ಳುವ ಬ್ರಾಂಚಿಗೆ ಕೊಟ್ಟು ಹಾಗೆಯೇ ಬಂದಿದ್ದರು, ಖಾಲಿ ಚೀಲ ಕಂಕುಳಲ್ಲಿತ್ತು. ಮಗಳು ಕ್ಲಾಸಿನಲ್ಲಿ ಹೇಗೆ ಎಂದು ಕೇಳಿದರು. ನಾವು ತುಳುವಿನಲ್ಲೇ ಮಾತಾಡಿದೆವು.

"ಸುಮ್ಮನೆ ಇರ್ತಾಳೆ," ಎಂದೆ.

"ಮನೆಯಲ್ಲೂ ಈಗ ಹಾಗೇ ಟೀಚರ್. ಮೊದಲು ಹಾಗಿರಲಿಲ್ಲ. ಇವಳ ಅಪ್ಪ ಗಲ್ಫಿನಲ್ಲಿ ಬಟ್ಟೆ ಇಸ್ತ್ರಿ ಮಾಡುವ ಕಡೆ ಇರುದು. ಅಲ್ಲಿ ಕಂಪೆನಿಯವರು ಎಲ್ಲ ಇಂಗ್ಲಿಷಿನಲ್ಲಿ ನೋಟಿಸು ಹಾಕ್ತಾರಂತೆ. ಅವರಿಗೆ ಓದ್ಲಿಕ್ಕೆ ಬರುದಿಲ್ಲ. ಫೋಟೋ ತೆಗೆದು ಇವಳಿಗೆ ಕಳಿಸುದು. ಇವಳು ಒಮ್ಮೆ ನೋಡುದು, ತುಳುವಿನಲ್ಲಿ ವಾಯ್ಸ್ ಮಾಡಿ ಕಳಿಸುದು. ಐದನೇ ಕ್ಲಾಸಿನಿಂದ ಹಾಗೇ. ಒಮ್ಮೆ ರಜೆಗೆ ಹೆಸರು ಕೊಡ್ಲಿಕ್ಕೆ ಗುರುವಾರ ಕಡೇ ದಿನ ಅಂತ ಇತ್ತಂತೆ. ಇವಳು ಹೇಳದಿದ್ದರೆ ಆ ವರ್ಷ ಅವರು ಊರಿಗೇ ಬರ್ತಿರಲಿಲ್ಲ."

"ಈಗ?"

"ಈಗ ಕಳಿಸಿದ್ರೆ ನೋಡುದಿಲ್ಲ. ನಂಗೆ ಇಂಗ್ಲಿಷ್ ಬರುದಿಲ್ಲ, ಶಾಲೆಯ ಬೋರ್ಡಿನಲ್ಲೇ ಹಾಕಿದ್ದಾರೆ ಅಂತ ಹೇಳ್ತಾಳೆ." ನನ್ನನ್ನೇ ಸಮಾಧಾನಿಸುವವರಂತೆ ಹೇಳಿದರು: "ಹೌದಾಗಿರಬಹುದು ಟೀಚರ್. ನಮಗೆ ಎಂತ ಗೊತ್ತು? ತಪ್ಪು ಓದಿ ಹೇಳಿ ಅಲ್ಲಿ ಅವರಿಗೆ ಏನಾದರೂ ತೊಂದರೆ ಆದರೆ ಅಂತ ನಮಗೂ ಹೆದರಿಕೆಯೇ."

ಅವರು ಹೋದ ಮೇಲೆ ಎರಡು ಪೀರಿಯಡ್ ನಾನು ಏನು ಕಲಿಸಿದೆನೋ ನೆನಪಿಲ್ಲ. ಗಟ್ಟಿಯಾಗಿ ಓದಲು ಅವಳಿಗೆ ಯಾಕೆ ಬರಲಿಲ್ಲ ಎಂಬುದು ಈಗ ತಿಳಿಯಿತು. ಯಾರಿಗೂ ಅವಳು ಇಂಗ್ಲಿಷನ್ನು ಓದಿ ಕೇಳಿಸಬೇಕಾಗಿಯೇ ಇರಲಿಲ್ಲ. ಅರ್ಥ ತೆಗೆದು ಅಪ್ಪನಿಗೆ ತಲುಪಿಸುವುದಷ್ಟೇ ಅವಳ ಕೆಲಸ. ನಾನು ಹಾಳೆಯಲ್ಲಿ ಮೊದಲು ಬರೆದುಕೊಂಡಿದ್ದ ಪಟ್ಟಿಯಲ್ಲಿ ಇದ್ದದ್ದು ಅದೇ.

ಸಂಜೆ ಮುಖ್ಯೋಪಾಧ್ಯಾಯರ ಬಳಿ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಅತಿಥಿ ಶಿಕ್ಷಕಿಯ ಹೆಸರು ಮುಂದಿನ ವರ್ಷಕ್ಕೆ ಇರುತ್ತದೋ ಇಲ್ಲವೋ ಎಂಬುದು ಅವರ ಒಂದು ಮಾತಿನ ಮೇಲೆ ಇತ್ತು. ಹೇಳದೆ ಇರಲು ಅದೊಂದು ಕಾರಣವೆಂದು ಒಂದು ತಿಂಗಳು ನನಗೆ ನಾನೇ ಹೇಳಿಕೊಂಡಿದ್ದೆ. ಅವರು ಫಾರ್ಮನ್ನು ತರಿಸಿ ನೋಡಿದರು.

"ಇದರಲ್ಲಿ ತುಳುವಿಗೆ ಕಾಲಮ್ ಯಾಕೆ ಇಲ್ಲ? ಮೇಲಿನವರು ಬೇಡ ಹೇಳಿದ್ದರಾ?"

"ಇಲ್ಲ ಸರ್. ಯಾರೂ ಹೇಳಿಲ್ಲ."

"ಮತ್ತೆ?"

ಅವರು ಬೈಯಲಿಲ್ಲ. ಫಾರ್ಮನ್ನು ಮಡಚಿ ಹಿಂದೆ ಕೊಟ್ಟು, "ನೀವು ತುಳುವಿನವರೇ ಅಲ್ವ ಟೀಚರ್," ಎಂದರು, ಅಷ್ಟೇ. ಆಮೇಲೆ ಹೇಳಿದರು: "ಅಂಕ ತಿದ್ದಲಿಕ್ಕೆ ನಾನು ಬಿಡುದಿಲ್ಲ. ಇನ್ನೊಮ್ಮೆ ಪರೀಕ್ಷೆ ಮಾಡುವ. ಹತ್ತು ಬಂದರೆ ಒಂದು ಕುರ್ಚಿ ಹೆಚ್ಚು ಹಾಕುವ. ತಿಂಗಳ ಕೊನೆಯೊಳಗೆ ಆಗಬೇಕು."

ಎರಡು ವಾರ ಸಮಯ ಇತ್ತು. ಆಗ ನಾನು ಎರಡನೇ ತಪ್ಪು ಮಾಡಿದೆ, ಅದೂ ತುಂಬ ಯೋಚಿಸಿ. ಅವಳಿಗೆ ಅನುಕೂಲವಾಗಲಿ ಎಂದು ಈ ಸಲ ಕಥೆ ಬರೆಯಲಿಲ್ಲ, ನೋಟಿಸು ಬರೆದೆ. ಒಂದು ಕಂಪೆನಿಯ ಕೆಲಸಗಾರರ ಕಟ್ಟಡದಲ್ಲಿ ಎರಡು ದಿನ ಲಿಫ್ಟ್ ಇಲ್ಲ. ರಾತ್ರಿ ಪಾಳಿಯವರು ಹಿಂದಿನ ಮೆಟ್ಟಿಲು ಬಳಸಬೇಕು. ಗುರುತಿನ ಚೀಟಿ ಇಲ್ಲದವರನ್ನು ಒಳಗೆ ಬಿಡುವುದಿಲ್ಲ. ಅವಳು ದಿನಾ ಓದುತ್ತಿದ್ದ ಜಾತಿಯದೇ ಬರಹ. ಕಂಡ ಕೂಡಲೇ ಅವಳಿಗೆ ಧೈರ್ಯ ಬರಬಹುದು ಎಂದುಕೊಂಡೆ.

ಪರೀಕ್ಷೆಯ ದಿನ ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಕುರ್ಚಿಯನ್ನು ಅವಳ ಎದುರಿಗೆ ಹಾಕದೆ ಪಕ್ಕಕ್ಕೆ ಹಾಕಿಕೊಂಡೆ. "ತುಳುಟೇ ಪನ್ಲ, ತೊಂದರೆ ಇಜ್ಜಿ," ಎಂದೆ, ತುಳುವಿನಲ್ಲೇ ಹೇಳು, ತೊಂದರೆ ಇಲ್ಲ ಎಂದು. ಗಟ್ಟಿಯಾಗಿ ಓದಬೇಕೆಂದಿಲ್ಲ, ಮನಸ್ಸಿನಲ್ಲೇ ಓದು ಎಂದೂ ಹೇಳಿದೆ. ಅವಳು ಹಾಳೆ ತೆಗೆದುಕೊಂಡಳು. ಕಣ್ಣು ಎರಡನೇ ಸಾಲಿಗೆ ಇಳಿಯಿತು, ಅಲ್ಲೇ ನಿಂತಿತು. ತಲೆ ಎತ್ತಿದಳು. ಮುಖ ಕಿವಿಯವರೆಗೆ ಕೆಂಪಾಗಿತ್ತು.

"ಅಮ್ಮ ಹೇಳಿದ್ದಾ ಟೀಚರ್?"

ಕನ್ನಡದಲ್ಲಿ ಕೇಳಿದಳು. ನನ್ನ ಮನೆಯ ಯಾವ ವಿಷಯವನ್ನೂ ನಾನು ಸ್ಟಾಫ್ ರೂಮಿನಲ್ಲಿ ಈವರೆಗೆ ಬಾಯಿ ಬಿಟ್ಟವಳಲ್ಲ. ಅಪ್ಪ ಮಗಳ ನಡುವೆ ಇದ್ದದ್ದನ್ನು ಪ್ರಶ್ನೆಪತ್ರಿಕೆ ಮಾಡಿ ಅವಳ ಮುಂದೆ ಇಟ್ಟಿದ್ದೆ.

ಅವಳು ಹಾಳೆಯನ್ನು ನೆಟ್ಟಗೆ ಹಿಡಿದು, ಗಟ್ಟಿಯಾಗಿ ಓದಲು ಶುರು ಮಾಡಿದಳು. ಬೆರಳಿಟ್ಟು, ಒಂದೊಂದೇ ಶಬ್ದ, ಕನ್ನಡ ಮಾಧ್ಯಮದ ಕೋಣೆಯಲ್ಲಿ ನಾನೇ ಎಲ್ಲರಿಂದ ಓದಿಸುತ್ತಿದ್ದ ಹಾಗೆ. "ಬೇಡ, ಸಾಕು," ಎಂದೆ. ನಿಲ್ಲಿಸಲಿಲ್ಲ. ಕೊನೆಯವರೆಗೆ ಓದಿದಳು. ರಾತ್ರಿ ಪಾಳಿಯವರು ಎಲ್ಲಿಂದ ಹೋಗಬೇಕು ಎಂದು ಕೇಳಿದೆ.

"ಗೊತ್ತಿಲ್ಲ ಟೀಚರ್."

ಗುರುತಿನ ಚೀಟಿ ಮರೆತವನು ಏನು ಮಾಡಬೇಕಾದೀತು ಎಂದು ಕೇಳಿದೆ. ಅದು ಊಹಿಸುವ ಪ್ರಶ್ನೆ.

"ಗೊತ್ತಿಲ್ಲ."

"ಅಪ್ಪ ಈಗ ನೋಟಿಸು ಕಳಿಸ್ತಾರಾ?" ಇದು ಪರೀಕ್ಷೆಯ ಪ್ರಶ್ನೆಯಾಗಿರಲಿಲ್ಲ. ಕೇಳಬಾರದಿತ್ತು.

"ಇಲ್ಲ. ಅವರ ರೂಮಿನಲ್ಲಿ ಒಬ್ಬರು ಓದಿ ಹೇಳ್ತಾರೆ. ಅವರಿಗೆ ಸರಿಯಾಗಿ ಬರ್ತದೆ."

ಓದಿದ್ದಕ್ಕೆ ಮೂರು, ಬರವಣಿಗೆಗೆ ಮೂರು. ಹೊಸ ಫಾರ್ಮಿನಲ್ಲಿ ಉತ್ತರಕ್ಕೆ ಮೂರು ಕಾಲಮ್ ಮಾಡಿದ್ದೆ, ತುಳುವಿಗೂ ಒಂದು. ಮೂರೂ ಖಾಲಿ ಉಳಿದವು. ಒಟ್ಟು ಆರು, ಮೊದಲಿಗಿಂತ ಒಂದು ಕಡಿಮೆ. ಕೆಳಗೆ ಸಹಿ ಹಾಕಿ ಮುಖ್ಯೋಪಾಧ್ಯಾಯರಿಗೆ ಕೊಟ್ಟೆ. ಅವರು ನೋಡಿ, "ಪಾಪ, ಪ್ರಯತ್ನ ಮಾಡಿದಿರಿ," ಎಂದರು. ಯಾರನ್ನು ಕುರಿತು ಪಾಪ ಎಂದರೋ ಕೇಳಲಿಲ್ಲ.

ಈ ವರ್ಷವೂ ಅತಿಥಿ ಶಿಕ್ಷಕರ ಪಟ್ಟಿಯಲ್ಲಿ ನನ್ನ ಹೆಸರು ಇದೆ. ಜೂನಿನ ಪರೀಕ್ಷೆಯನ್ನು ಹೊಸ ಫಾರ್ಮಿನಲ್ಲೇ ಮಾಡಿದೆ. ಮಕ್ಕಳ ಅಂಕವನ್ನು ಬೋರ್ಡಿಗೆ ಹಾಕಲಿಲ್ಲ. ಬೆಳ್ತಂಗಡಿಯ ಸಭೆಯಲ್ಲಿ ಆ ಸಂಪನ್ಮೂಲ ವ್ಯಕ್ತಿ ಎಲ್ಲರೆದುರು ಫಾರ್ಮನ್ನು ಎತ್ತಿ ತೋರಿಸಿ, ತುಳುವಿನ ಕಾಲಮಿನ ಯೋಚನೆ ಹೇಗೆ ಬಂತು ಎಂದು ಕೇಳಿದರು. ನಿಮ್ಮ ಪಕ್ಕದಲ್ಲೇ ಕೂತಿದ್ದಾಗ ಬಂತು ಎಂದು ಹೇಳಬಹುದಿತ್ತು. ಅನುಭವದಿಂದ ಎಂದೆ. ಚಪ್ಪಾಳೆ ತಟ್ಟಿದರು.

ಅವಳು ಈಗ ಒಂಬತ್ತನೇ ತರಗತಿಯಲ್ಲಿದ್ದಾಳೆ, ಕನ್ನಡ ಮಾಧ್ಯಮದಲ್ಲೇ. ಸರದಿ ಬಂದಾಗ ಎದ್ದು ನಿಂತು ಗಟ್ಟಿಯಾಗಿ ಓದುತ್ತಾಳೆ. ಉಚ್ಚಾರ ಸುಧಾರಿಸಿದೆ, ತಡವರಿಸುವುದು ನಿಂತಿದೆ. ಓದಿದ ಮೇಲೆ ಪ್ರಶ್ನೆ ಕೇಳುತ್ತೇನೆ. ಅವಳು ಪುಟದ ಮೇಲೆ ಬೆರಳು ಓಡಿಸಿ, ಪ್ರಶ್ನೆಯಲ್ಲಿದ್ದ ಶಬ್ದ ಸಿಕ್ಕಿದ ಕಡೆ ನಿಲ್ಲಿಸಿ, ಆ ವಾಕ್ಯವನ್ನು ಪೂರ್ತಿ ಓದಿ ಹೇಳುತ್ತಾಳೆ. ಉತ್ತರ ಸರಿಯಾಗಿರುತ್ತದೆ. ಪೂರ್ಣ ಅಂಕ ಕೊಡುತ್ತೇನೆ.